ನಿತ್ಯಕಲೆಯೂ ವಸ್ತುಸಂಕೋಚವೂ: ಕಲ್ಯಾಣದ ನೆರೆಯಿಂದ ಒಂದು ವಿಚಾರ

2020 ಮತ್ತು 2021ರ ಮಹಾಮಾರಿಯ ಕಾಲದಲ್ಲಿ ಕಲೆಯನ್ನು ಕುರಿತು ನಮ್ಮಲ್ಲಿ ಆಡಿದ ಮಾತುಗಳನ್ನು ನೆನೆದರೆ ಒಂದು ಹೊಗಳಿಕೆ ಮತ್ತೆ ಮತ್ತೆ ಕಿವಿಗೆ ಬೀಳುವುದು. ಮನೆಯ ಸಾಮಾನನ್ನು ಇಳಿಸಿಕೊಂಡು, ಬಣ್ಣ ಬಟ್ಟೆಗಳನ್ನು ಒಂದು ಪೆಟ್ಟಿಗೆಗೆ ಅಡಕಮಾಡಿ, ಇದ್ದ ಮೂಲೆಯಲ್ಲಿಯೇ ಕುಳಿತು ದಿನಕ್ಕೊಂದು ಚಿತ್ರವನ್ನು ತಪ್ಪದೆ ಬರೆದವನನ್ನು ‘ಕಾಯಕನಿಷ್ಠ’ನೆಂದು ಕರೆಯುವುದು ರೂಢಿಯಾಯಿತು. ಮಾತು ಸೊಗಸಾದುದೇ. ಆದರೆ ಕಲ್ಯಾಣದ ನೆಲದಲ್ಲಿ ಹುಟ್ಟಿದ ಒಂದು ಶಬ್ದವನ್ನು ಇಷ್ಟು ಸಲೀಸಾಗಿ ಎಲ್ಲ ನಿತ್ಯಾಭ್ಯಾಸಕ್ಕೂ ತೊಡಿಸಬಹುದೆ ಎಂಬುದು ವಿಚಾರಣೀಯವಾಗಿದೆ. ತಾನಾಗಿ ಕಿರಿದುಮಾಡಿಕೊಂಡವನ ಕಲೆ ಒಂದು. ಕಾಲವೇ ಕಿರಿದುಮಾಡಿದವನ ಕಲೆ ಮತ್ತೊಂದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವ ವಿಮರ್ಶೆ ಎರಡನೆಯವನಿಗೆ ಅನ್ಯಾಯ ಮಾಡುತ್ತದೆಂದು ನಾವು ಭಾವಿಸುತ್ತೇವೆ.

ಬಸವಕಲ್ಯಾಣದ ನೆರೆಯಲ್ಲಿ ಮೋರಖಂಡಿ ಎಂಬ ಹಳ್ಳಿಯುಂಟು. ರಾಷ್ಟ್ರಕೂಟ ಮೂರನೆಯ ಗೋವಿಂದನ ಕೆಲವು ಶಾಸನಗಳು ಹೊರಟ ಮಯೂರಖಂಡಿ ಇದೇ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅದು ನಾಸಿಕದ ಕಡೆಯ ಬೆಟ್ಟವೆಂದು ಮತ್ತೆ ಕೆಲವರು. ವಾದ ಯಾವ ಕಡೆಗೆ ತೀರಿದರೂ ನಮ್ಮ ಪ್ರಕೃತ ವಿಷಯಕ್ಕೆ ಬಾಧಕವಿಲ್ಲ. ಅರಸುತನದ ಹೆಸರನ್ನು ಹೊತ್ತ ಊರು ಹಳ್ಳಿಯಾಗಿ ಉಳಿದಿರುವುದನ್ನು ನೋಡಿ ಬೆಳೆದ ಸೀಮೆಯ ಜನಕ್ಕೆ, ದೊಡ್ಡದು ಚಿಕ್ಕದಾಗುವುದೆಂದರೇನೆಂದು ಬೇರೆ ಹೇಳಿಕೊಡಬೇಕಾಗಿಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೇ ಇಂದು ಒಂದು ತಾಲ್ಲೂಕಿನ ಪಟ್ಟಣವಷ್ಟೆ.

ಇದೇ ನೆಲದ ಎರಡು ಕಥೆಗಳನ್ನು ಇಲ್ಲಿ ಎದುರಿಗಿಟ್ಟುಕೊಳ್ಳುವುದು ಉಪಯುಕ್ತ. ಇವು ಹದಿನೈದನೆಯ ಶತಮಾನದಿಂದ ಸಂಕಲಿತವಾಗುತ್ತ ಬಂದ ಶೂನ್ಯಸಂಪಾದನೆಗಳ ಮೂಲಕವೂ ವೀರಶೈವ ಪುರಾಣಗಳ ಮೂಲಕವೂ ನಮಗೆ ತಿಳಿದವು. ಆದ್ದರಿಂದ ಚರಿತ್ರೆಯೆಂದು ಅಲ್ಲ, ಒಂದು ಜನಾಂಗ ತನ್ನ ಮೌಲ್ಯವನ್ನು ತಾನೇ ವಿವರಿಸಿಕೊಂಡ ಬಗೆಯೆಂದು ಅವನ್ನು ಓದಬೇಕು. ಮೊದಲನೆಯದು ಮೋಳಿಗೆಯ ಮಾರಯ್ಯನದು. ಕಾಶ್ಮೀರದ ಅರಸನಾಗಿದ್ದವನು ರಾಜ್ಯವನ್ನು ಬಿಟ್ಟು, ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಹೊರೆಯನ್ನು ತಂದು ಮಾರಿ ಬದುಕಿದನು. ಹೊರೆಗೆ ಮೋಳಿಗೆಯೆಂಬ ಹೆಸರು, ಅದೇ ಅವನ ಹೆಸರೂ ಆಯಿತು. ಬಸವಣ್ಣನವರು ಮರೆಯಾಗಿ ಇಟ್ಟುಹೋದ ಹೊನ್ನನ್ನು ಅವನು ತನ್ನ ಬಳಿ ಇಟ್ಟುಕೊಳ್ಳದೆ ಜಂಗಮರಿಗೆ ಕೊಟ್ಟನೆಂದು ಕಥೆ. ಅವನ ಹೆಸರಿನಲ್ಲಿ ಇಂದಿಗೂ ನೂರಾರು ವಚನಗಳು ಉಳಿದಿವೆ. ಎಲ್ಲವನ್ನೂ ಬಿಟ್ಟವನು ಮಾತನ್ನು ಬಿಡಲಿಲ್ಲವೆಂಬುದು ಗಮನಿಸತಕ್ಕ ಅಂಶ.

ಎರಡನೆಯದು ಆಯ್ದಕ್ಕಿ ಲಕ್ಕಮ್ಮನದು. ನಮ್ಮ ವಿಚಾರಕ್ಕೆ ಇದೇ ಹೆಚ್ಚು ಬೆಲೆಯುಳ್ಳದ್ದು. ಅವಳ ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿತಲ್ಲಾ ಎಂದು ಎಚ್ಚರಿಸಿ ಅವನನ್ನು ಎಬ್ಬಿಸಿದವಳು ಅವಳು. ಅವನು ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದವಳೂ ಅವಳೇ. ದಿನ ತಪ್ಪಕೂಡದು, ಅಳತೆ ಮೀರಕೂಡದು: ಈ ಎರಡು ವಿಧಿಗಳನ್ನೂ ಒಬ್ಬಳೇ ಹೆಂಗಸಿನ ಬಾಯಲ್ಲಿ ಇಟ್ಟಿರುವುದು ಸಂಪಾದನಕಾರರ ಸೂಕ್ಷ್ಮದೃಷ್ಟಿಗೆ ಸಾಕ್ಷಿಯೆನ್ನಬೇಕು.

ಇಷ್ಟರಿಂದ ನಮ್ಮ ಕಾಲದ ಹೊಗಳಿಕೆ ಸರಿಯೆಂದೇ ತೋರಬಹುದು. ನಿತ್ಯತೆಯೂ ಮಿತಿಯೂ ಅಲ್ಲಿ ಎರಡೂ ಇವೆಯಷ್ಟೆ. ಆದರೆ ಕಥೆಗಳಲ್ಲಿ ಮೂರನೆಯದೊಂದು ಅಂಗವುಂಟು. ಮೋಳಿಗೆಯವನ ಹೊರೆಯನ್ನು ಕೊಳ್ಳುವ ಪೇಟೆಯೊಂದು ಕಲ್ಯಾಣದಲ್ಲಿತ್ತು. ಲಕ್ಕಮ್ಮನ ಗಂಡನಿಗೆ ಆಯಲು ತೆರೆದ ಅಂಗಳವೊಂದಿತ್ತು. ಅಕ್ಕಿ ದಾಸೋಹಕ್ಕೆ ಸಲ್ಲುತ್ತಿತ್ತು. ಪೇಟೆ ಮುಚ್ಚಿ, ಅಂಗಳದ ಬಾಗಿಲು ಹಾಕಿದ ದಿನ ಸೌದೆ ಕಡಿಯುವವನ ನಿಷ್ಠೆ ಎಷ್ಟಿದ್ದರೂ ಅದು ಕಾಯಕವಾಗಲಾರದು, ಬರಿಯ ಅಭ್ಯಾಸವಾದೀತು. ಅಭ್ಯಾಸ ಹೀನವೆಂದು ನಾವು ಹೇಳುತ್ತಿಲ್ಲ. ಎರಡಕ್ಕೂ ಹೆಸರು ಬೇರೆ ಇರಲೆಂದು ಮಾತ್ರ ನಮ್ಮ ಕೋರಿಕೆ.

ಬೀದರಿನ ಬಿದ್ರಿ ಕೆಲಸವನ್ನು ತೆಗೆದುಕೊಂಡರೆ ಈ ಭೇದ ಸ್ಪಷ್ಟವಾಗುವುದು. ಸತುವಿನ ದೊಡ್ಡ ಪಾಲಿಗೆ ತಾಮ್ರದ ಚಿಕ್ಕ ಪಾಲನ್ನು ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುವರು. ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ನಕ್ಷೆಯನ್ನು ಗೀರಿ, ಉಳಿಯಿಂದ ಕೊರೆದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ತಟ್ಟಿ ಕೂರಿಸುವರು. ಕಡೆಯಲ್ಲಿ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಕಾಯಿಸಿದ ಪಾತ್ರೆಗೆ ಹಚ್ಚಿದರೆ ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುವುದು. ಯಾವ ಮಣ್ಣು ತಕ್ಕುದೆಂದು ಕಸಬುದಾರರು ನಾಲಿಗೆಯಿಂದ ರುಚಿ ನೋಡಿ ತಿಳಿಯುವರು. ಈ ಹಂತಗಳು ಸಾಮಾನ್ಯವಾಗಿ ಬೇರೆ ಬೇರೆ ಕೈಗಳಲ್ಲಿ ನಡೆಯತಕ್ಕವು. ನಕ್ಷೆ ಗೀರುವುದು ಮನೆಯ ಮೂಲೆಯಲ್ಲಿಯೂ ಆದೀತು. ಎರಕ ಹೊಯ್ಯುವುದಕ್ಕೆ ಕುಲುಮೆ ಬೇಕು, ಬೆಳ್ಳಿ ತರುವುದಕ್ಕೆ ಮುಂಗಡ ಹಣ ಬೇಕು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಪ್ರವಾಸಿಗಳು, ಕರಕುಶಲ ಮೇಳಗಳು, ಸರ್ಕಾರಿ ಮಳಿಗೆಗಳು ಎಲ್ಲವೂ ಒಟ್ಟಿಗೆ ನಿಂತವು. ದೇಶದ ಮೊದಲನೆಯ ಕೋವಿಡ್ ಸಾವು ಆದದ್ದು ಅದೇ ತಿಂಗಳು, ನೆರೆಯ ಕಲಬುರಗಿಯಲ್ಲಿ. ಈ ಸೀಮೆಗೆ ಭಯ ಬೇರೆಯವರಿಗಿಂತ ಮುಂಚೆಯೇ ಬಂದಿತ್ತು. ಇಂಥ ಸ್ಥಿತಿಯಲ್ಲಿ ಕೈಯಲ್ಲಿ ಉಳಿಯಿದ್ದೂ ಲೋಹವಿಲ್ಲದೆ ಕುಳಿತ ಕಸಬುದಾರನಿಗೆ ದಿನಚರಿಯ ಮಹಿಮೆಯನ್ನು ಬೋಧಿಸುವುದು ಎಂಥ ವಿಮರ್ಶೆ?

ಬಿದ್ರಿಯ ಸಂಕೋಚ ಮಹಾಮಾರಿಯಿಂದಲೇ ಮೊದಲಾದುದೂ ಅಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಹುಕ್ಕಾಪಾತ್ರೆಗಳನ್ನು ಚಿತ್ರಗಳಲ್ಲಾದರೂ ನೋಡಿದವರಿಗೆ ಗೊತ್ತು: ದುಂಡನೆಯ ಹೊಟ್ಟೆಯ ಸುತ್ತ ಗಸಗಸೆ ಗಿಡಗಳಂಥ ಹೂಗಿಡಗಳು ಒಂದೊಂದಾಗಿ ಎದ್ದು ನಿಲ್ಲುವುವು, ಗಿಡಕ್ಕೂ ಗಿಡಕ್ಕೂ ನಡುವೆ ಬಿಟ್ಟ ಕಪ್ಪು ಬಯಲಿನಲ್ಲಿಯೇ ಅವುಗಳ ಉಸಿರು. ಹುಕ್ಕಾ ಹೋಯಿತು, ಪಾನದಾನ ಹೋಯಿತು. ಹೂದಾನಿ, ಬೂದಿತಟ್ಟೆ, ಗುಂಡಿ, ಕಿವಿಯೋಲೆ ಬಂದವು. ಗುಂಡಿಯ ಮೇಲೆ ಬೆಳ್ಳಿ ತುಂಬುತ್ತದೆ, ಕಪ್ಪಿಗೆ ಜಾಗ ಸಾಲದು. ಚಿಕ್ಕದು ದೊಡ್ಡದರ ಕಿರಿಯ ಪ್ರತಿಯಲ್ಲ, ಅದು ಬೇರೆಯ ಕಲೆ. ಅದರ ನಕ್ಷೆ ಬೇರೆ ಆಗಬೇಕು. ಅದನ್ನು ಅರಿತು ಒಂದೇ ಹೂವಿಗೆ ಬಯಲು ಬಿಟ್ಟ ಕೈಯನ್ನು ಮೆಚ್ಚಬೇಕು. ದೊಡ್ಡ ನಕ್ಷೆಯನ್ನು ಹಿಂಡಿ ತುರುಕಿದ ಕೈಯನ್ನು ಬಡತನದ ನೆಪದಿಂದ ಮೆಚ್ಚಲಾಗದು. ಬೀದರಿನ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಸಂತೋಷದ ಸಂಗತಿ. ಆದರೆ ಸನ್ಮಾನದ ಸುದ್ದಿಯನ್ನು ಓದುವಷ್ಟು ಆಸಕ್ತಿಯಿಂದ ನಾವು ಕೆಲಸದ ಮೇಲ್ಮೈಯನ್ನು ಓದಿದ್ದೇವೆಯೆ?

ಇದಕ್ಕೆ ತೀರ ಭಿನ್ನವಾದುದು ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ಪದರಪದರವಾಗಿ ಹಾಸಿ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಹೊಲಿಯುವ ಈ ಹೊದಿಕೆಯಲ್ಲಿ, ಸಾಮಾನನ್ನು ಇಳಿಸುವುದೂ ಕಲೆಯನ್ನು ಮಾಡುವುದೂ ಒಂದೇ ಕ್ರಿಯೆ. ಪೆಟ್ಟಿಗೆ ಖಾಲಿಯಾದಷ್ಟೂ ಕೌದಿ ದಪ್ಪವಾಗುವುದು. ಅದಕ್ಕೆ ಕುಲುಮೆ ಬೇಡ, ಮುಂಗಡ ಬೇಡ, ಸೂಜಿ ದಾರ ಸಾಕು. 2020ರ ಬೇಸಗೆಯಲ್ಲಿ ಮುಂಬಯಿ, ಪುಣೆ, ಹೈದರಾಬಾದುಗಳಿಂದ ಒಂದೊಂದು ಗಂಟಿನೊಡನೆ ಊರಿಗೆ ಮರಳಿದ ದುಡಿಯುವ ಜನರ ಮನೆಗಳಲ್ಲಿ ನಿಲ್ಲದೆ ನಡೆಯಬಹುದಾಗಿದ್ದ ಕಲೆ ಇದೊಂದೇ ಎಂದರೂ ಸಲ್ಲುವುದು. ಆದರೂ ನಿತ್ಯಕಲೆಯನ್ನು ಹೊಗಳುವ ಬರವಣಿಗೆಯಲ್ಲಿ ಕೌದಿಯ ಹೆಸರನ್ನು ಹುಡುಕಬೇಕು. ಸಹಿ ಇಲ್ಲದ ಕೆಲಸ ವಿಮರ್ಶಕನ ಕಣ್ಣಿಗೆ ಬೀಳುವುದು ನಿಧಾನ. ಹೊಸಲಿನ ಮುಂದಿನ ರಂಗೋಲಿಯಂತೂ ಮರುದಿನದ ಸಾರಣೆಗೆ ಅಳಿಸಿಹೋಗುವುದರಿಂದ, ಮನೆಯಲ್ಲಿ ಅಂಗುಲದಷ್ಟೂ ಜಾಗವನ್ನು ಕೇಳದು. ಅದನ್ನು ಯಾರೂ ಎಣಿಸಿದಂತೆಯೇ ಇಲ್ಲ.

ಕಾಲೇಜುಗಳಲ್ಲಿ ವಚನಸಾಹಿತ್ಯವನ್ನು ಪಾಠ ಹೇಳುವ ನಮ್ಮ ಮಿತ್ರರು ‘ಕಾಯಕ’ ಶಬ್ದಕ್ಕೆ ಉದಾಹರಣೆ ಕೊಡುವಾಗ ಈ ಮೂರು ಕೆಲಸಗಳನ್ನೂ ಅಕ್ಕಪಕ್ಕದಲ್ಲಿಟ್ಟು ವಿದ್ಯಾರ್ಥಿಗಳಿಗೆ ಕೇಳಬಹುದು: ಇವುಗಳಲ್ಲಿ ಪೇಟೆ ಮುಚ್ಚಿದ ದಿನ ನಿಂತದ್ದು ಯಾವುದು, ನಿಲ್ಲದೆ ನಡೆದದ್ದು ಯಾವುದು, ನಡೆದದ್ದರ ಫಲ ಯಾರಿಗೆ ಸಂದಿತು? ಬೀದರ್ ಜಿಲ್ಲೆಯ ವಿದ್ಯಾರ್ಥಿಗಳಾದರೆ ಉತ್ತರಕ್ಕೆ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಮನೆಯ ಅಟ್ಟದ ಮೇಲೆ ಮಡಿಸಿಟ್ಟ ಕೌದಿಯನ್ನು ಇಳಿಸಿ, ಅದರಲ್ಲಿ ಯಾರ ಯಾರ ಬಟ್ಟೆ ಸೇರಿದೆಯೆಂದು ಅಜ್ಜಿಯನ್ನು ಕೇಳಿ ಬರೆದುಕೊಳ್ಳಲಿ.