ಹತ್ತು ಮೀಟರಿನ ಪಿಸ್ತೂಲು

ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್. ಹತ್ತು ಮೀಟರ್ ದೂರದಿಂದ ಒಂದೇ ಕೈ ಚಾಚಿ, 75 ನಿಮಿಷದೊಳಗೆ 60 ಗುಂಡು ಹೊಡೆಯಬೇಕು. ಏರ್ ಪಿಸ್ತೂಲ್ ಆಟವೆಂದರೆ ಇಷ್ಟೇ. ಆದರೆ ಎಂಥ ಆಟ!

ಅಲುಗದ ಕೈ ಯಾರಿಗೂ ಇಲ್ಲ. ಒಳ್ಳೆಯ ಶೂಟರ್ ಅದನ್ನು ಒಪ್ಪಿಕೊಂಡೇ ನಿಲ್ಲುತ್ತಾನೆ. ಕಣ್ಣು ನೆಟ್ಟಿರಬೇಕಾದ್ದು ಪಿಸ್ತೂಲಿನ ಮುಂತುದಿಯ ಸೈಟಿನ (ಗುರಿಗುರುತಿನ) ಮೇಲೆ, ಗುರಿ ಮಸುಕಾಗಿ ಕಂಡರೂ ಸರಿ. ಟ್ರಿಗರ್‌ನ ಭಾರ ಕನಿಷ್ಠ 500 ಗ್ರಾಂ ಇರಬೇಕೆಂಬುದು ನಿಯಮ. ಬೆರಳು ಅದನ್ನು ನೇರ ಹಿಂದಕ್ಕೆ, ಒಂದೇ ಸಮನೆ ಒತ್ತುತ್ತ ಹೋಗಬೇಕು. ‘ಈಗ’ ಎಂದು ಎಳೆದರೆ ಗುಂಡು ಪಕ್ಕಕ್ಕೆ ಹೋಯಿತೆಂದೇ ಲೆಕ್ಕ. 4.5 ಮಿ.ಮೀ. ಸೀಸದ ಗುಂಡಿನ ಹಿಂಬದಿಯ ಅಂಚು ಕೊಂಚ ನೆಗ್ಗಿದ್ದರೂ ಅದನ್ನು ಪಕ್ಕಕ್ಕಿಡುವುದು ಲೇಸು. ಗುರಿ ಹಿಡಿದು ಹೊತ್ತು ಮೀರಿತೆನಿಸಿದರೆ ಹೊಡೆಯದೆ ತೋಳು ಇಳಿಸಿ, ಉಸಿರು ತೆಗೆದುಕೊಂಡು ಮತ್ತೆ ಎತ್ತುವ ಸಂಯಮವಿದೆಯಲ್ಲ, ಈ ಕಲೆಯಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಅದೇ.

ಇಂಥ ಸಂಯಮಕ್ಕೆ ನಮ್ಮಲ್ಲೇ ಉದಾಹರಣೆಯಿದೆ: ಬೆಂಗಳೂರಿನ ಶೂಟರ್ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾದರು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯ ಬೆಳ್ಳಿ ಗೆದ್ದರು.

ನಮ್ಮ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾದ ಶಾಲೆ-ಕಾಲೇಜುಗಳವರು ಯೋಚಿಸಲಿ: ಭದ್ರವಾದ ಉದ್ದನೆಯ ಕೋಣೆ, ಬಲ್ಲ ತರಬೇತುದಾರರು ಸಿಕ್ಕರೆ ನಮ್ಮ ಮಕ್ಕಳಿಗೂ ಈ ಆಟ ಕಲಿಸಬಹುದು.