ಅವಯವವೂ ಅವಯವಿಯೂ: ಡಿಜೆ ಕ್ರಷ್‌ನ ‘ಹೊಲೊನಿಕ್’

ಕಲಾವಿದನೊಬ್ಬನು ತಾನು ಹಿಂದೆ ಪ್ರಕಟಿಸಿದ ಕೃತಿಗಳನ್ನೇ ಮತ್ತೆ ಕೈಗೆತ್ತಿಕೊಂಡು, ಕತ್ತರಿಸಿ, ಬೆಸೆದು ಹೊರತಂದರೆ ಅದನ್ನು ಸಂಕಲನವೆನ್ನಬೇಕೆ, ಹೊಸ ಸೃಷ್ಟಿಯೆನ್ನಬೇಕೆ? ಜಪಾನಿನ ಡಿಜೆ ಕ್ರಷ್‌ನ ‘ಹೊಲೊನಿಕ್: ದಿ ಸೆಲ್ಫ್ ಮೆಗಾಮಿಕ್ಸ್’ (1997) ಎಂಬ ಧ್ವನಿಮುದ್ರಿಕೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕ್ರಷ್‌ನ ನಿಜನಾಮ ಹಿದೆಆಕಿ ಇಷಿ. ಜನನ 1962, ಟೋಕಿಯೋ. 1983ರಲ್ಲಿ ‘ವೈಲ್ಡ್ ಸ್ಟೈಲ್’ ಎಂಬ ಅಮೆರಿಕದ ಚಲನಚಿತ್ರವನ್ನು ಕಂಡು ಈತನು ಹಿಪ್-ಹಾಪ್ ಕಲೆಗೆ ಒಲಿದನು. ಆದ್ದರಿಂದ ಇದು ಅನುಕರಣವೆಂಬ ಆಕ್ಷೇಪಕ್ಕೆ ಎಡೆಯುಂಟು. ಆದರೆ ಕಲೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದರೂ, ಅದರ ಮುಖ್ಯ ವಾದ್ಯವೆನಿಸಿದ ಟೆಕ್ನಿಕ್ಸ್ ಎಸ್‌ಎಲ್-1200 ಯಂತ್ರ ಜಪಾನಿನ ಮತ್ಸುಶಿತ ಸಂಸ್ಥೆಯದು. 1972ರಲ್ಲಿ ಹಾಡು ಕೇಳುವ ಸಾಧನವಾಗಿ ಹೊರಬಂದ ಈ ಯಂತ್ರವನ್ನು ವಾದ್ಯವಾಗಿಸಿದವರು ಡಿಜೆಗಳು. ಹೀಗೆ ಕೊಟ್ಟು ಕೊಂಡ ಕಲೆಯಲ್ಲಿ ಮೂಲ-ಅನುಕರಣಗಳ ಗೆರೆಯನ್ನು ನೇರವಾಗಿ ಎಳೆಯಲಾಗದು.

ಕೃತಿಯ ಹೆಸರು ವಿಚಾರಾರ್ಹವಾದುದು. ತಾನೇ ಒಂದು ಪೂರ್ಣವಾಗಿದ್ದು, ಅದಕ್ಕಿಂತ ದೊಡ್ಡದಾದ ಪೂರ್ಣವೊಂದರ ಅಂಗವೂ ಆಗಿರುವ ವಸ್ತುವನ್ನು ಆರ್ಥರ್ ಕೋಸ್ಲರ್ 1967ರ ತನ್ನ ಗ್ರಂಥದಲ್ಲಿ ‘ಹೋಲಾನ್’ ಎಂದು ಕರೆದನು. ನಮ್ಮ ಶಾಸ್ತ್ರಭಾಷೆಯಲ್ಲಿ ಹೇಳುವುದಾದರೆ, ಅದು ಏಕಕಾಲದಲ್ಲಿ ಅವಯವವೂ ಹೌದು, ಅವಯವಿಯೂ ಹೌದು. ಕ್ರಷ್‌ನ ಬಿಡಿ ರಚನೆಗಳು ಇಲ್ಲಿ ಪಡೆಯುವ ಸ್ಥಿತಿ ಇದೇ.

ಇದು ಹೇಗೆ ಸಾಧ್ಯವಾಗುತ್ತದೆ? ಡಿಜೆಯ ಮುಂದೆ ಎರಡು ತಿರುಗುವ ತಟ್ಟೆಗಳಿರುತ್ತವೆ. ಒಂದು ನುಡಿಯುತ್ತಿರುವಾಗ ಇನ್ನೊಂದನ್ನು ಆತನು ಕಿವಿಯಲ್ಲಿ ಮಾತ್ರ ಕೇಳಿ, ವೇಗವನ್ನು ಸರಿಹೊಂದಿಸಿ, ತಕ್ಕ ಗಳಿಗೆಯಲ್ಲಿ ಅದರೊಳಕ್ಕೆ ಸೇರಿಸುತ್ತಾನೆ. ಈ ಕೂಡುವಿಕೆಯನ್ನು ವಿವರಿಸಲು ನಮ್ಮ ವ್ಯಾಕರಣದ ಸಂಧಿಪ್ರಕರಣಕ್ಕಿಂತ ಒಳ್ಳೆಯ ಸಾಧನವಿಲ್ಲ. ಒಂದು ರಚನೆಯ ಕೊನೆ ಅಡಗಿಹೋಗುವುದು ಲೋಪ; ಎರಡರಲ್ಲಿಯೂ ಇಲ್ಲದ ಸ್ಕ್ರ್ಯಾಚ್ ನಡುವೆ ಬಂದು ಸೇರುವುದು ಆಗಮ; ಒಂದರ ಮದ್ದಳೆಯ ಬಡಿತವಿದ್ದ ಎಡೆಯಲ್ಲಿ ಇನ್ನೊಂದರ ಬಡಿತ ನಿಲ್ಲುವುದು ಆದೇಶ. ಅಕ್ಷರಸಂಧಿಗೆ ನಿಯಮವುಂಟು, ಇಲ್ಲಿ ನಿಯಾಮಕವಾದದ್ದು ಕಲಾವಿದನ ಔಚಿತ್ಯಜ್ಞಾನವೊಂದೇ. ಈ ಜ್ಞಾನವು ಕೆಲಸಮಾಡುವ ಎಡೆಯಲ್ಲಿಯೇ ಸೃಷ್ಟಿ ಇದೆಯೆಂದು ನಮ್ಮ ಅಭಿಪ್ರಾಯ.

ಕ್ರಷ್‌ನ ಗತಿ ವಿಳಂಬವಾದುದು. ಸ್ಪರ್ಧೆಗಳಲ್ಲಿ ಸ್ಕ್ರ್ಯಾಚ್ ಕೈಚಳಕದ ಪ್ರದರ್ಶನವಾಗುವುದುಂಟು. ಈತನಲ್ಲಿ ಬಡಿತ ಬಡಿತಗಳ ನಡುವೆ ತೆರಪು ಹೆಚ್ಚು. ಆ ತೆರಪನ್ನು ತುಂಬಿಬಿಡುವ ಆತುರವಿಲ್ಲ. ಮಂದ್ರದ ಎಳೆ ಮುಂದುವರಿಯುತ್ತಿರಲು, ಸ್ಕ್ರ್ಯಾಚ್ ಒಮ್ಮೆ ಕೆಮ್ಮಿದಂತೆ ಸುಳಿದು ಮರೆಯಾಗುತ್ತದೆ. ಹಳೆಯ ತಟ್ಟೆಯ ಗರಗರ ಸದ್ದು ಕೂಡ ಇಲ್ಲಿ ದೋಷವೆನಿಸದೆ ಭಾವಕ್ಕೆ ಹಿನ್ನೆಲೆಯಾಗುತ್ತದೆ.

ಕೃತಿ ದೋಷರಹಿತವೆಂದಲ್ಲ. ವಾದ್ಯಮಾತ್ರದ ರಚನೆಗೆ ಲೋಪವು ಸಹ್ಯ. ಮಾತಿಗೆ ಅಷ್ಟು ಸಹ್ಯವಲ್ಲ. ಪ್ರಾಸಬದ್ಧವಾದ ವಾದವೊಂದು ಅರ್ಧದಲ್ಲಿ ಕರಗಿದರೆ, ಹಾಡಿದವನ ಅಭಿಪ್ರಾಯ ಬರಿಯ ನಾದವಾಗಿ ಉಳಿಯುತ್ತದೆ. ‘ಸೆಲ್ಫ್’ ಎಂಬ ಮಾತಿನ ತೊಡಕೂ ಇಲ್ಲಿಯೇ ಇದೆ. 1995ರ ‘ಮೇಯ್ಸೊ’ ಮುದ್ರಿಕೆಯಲ್ಲಿ ಬ್ಲ್ಯಾಕ್ ಥಾಟ್, ಗುರು ಮೊದಲಾದ ಅಮೆರಿಕದ ಗಾಯಕರು ಕ್ರಷ್‌ನೊಡನೆ ಕೂಡಿದ್ದರು. ಪರರ ಕಂಠವನ್ನೂ ಒಳಗೊಂಡು ಬೆಳೆದ ಕಲಾವಿದನಿಗೆ ‘ಸ್ವಂತ’ವೆಂಬುದು ಎಲ್ಲಿಗೆ ಮುಗಿಯುತ್ತದೆ? ಇದಲ್ಲದೆ, ಸಮಗತಿಯ ಓಟದಲ್ಲಿ ಬಿಡಿ ರಚನೆಗಳ ಮುಖಲಕ್ಷಣ ಕೆಲವೆಡೆ ಮಸುಕಾಗುತ್ತದೆ. ಅವಯವಿಯು ಅವಯವವನ್ನು ನುಂಗಿದರೆ ಹೆಸರಿನ ಪ್ರತಿಜ್ಞೆ ಅಷ್ಟರಮಟ್ಟಿಗೆ ಭಂಗವಾದಂತೆಯೇ.

ಆದರೂ ಒಟ್ಟಿನಲ್ಲಿ ಇದು ಸಂಕಲನವಲ್ಲ. ಸಂಕಲನಕಾರನು ಆಯುತ್ತಾನೆ, ಕ್ರಷ್ ಆಯುವುದಲ್ಲದೆ ತನ್ನ ಕೃತಿಯನ್ನು ತಾನೇ ವಿಮರ್ಶಿಸುತ್ತಾನೆ. ಯಾವುದನ್ನು ಬಿಟ್ಟನು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟನು ಎಂಬುದೇ ಆ ವಿಮರ್ಶೆ. ಮುಗಿಯಿತೆಂದುಕೊಂಡ ಕೃತಿ ಮುಗಿದಿರಲಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯ ಎಲ್ಲ ಕರ್ತೃಗಳಿಗೂ ಇರುವುದಿಲ್ಲ. ‘ಹೊಲೊನಿಕ್’ನ ಬೆಲೆ ಆ ಧೈರ್ಯದಲ್ಲಿದೆ.