ತೊಟ್ಟಿಯ ರೂಪಕ ಎಲ್ಲಿ ಸೋರುತ್ತದೆ?

ಕೆಪಾಸಿಟರ್ ಅಂದರೆ ನೀರಿನ ತೊಟ್ಟಿ ಇದ್ದ ಹಾಗೆ: ಚಾರ್ಜ್ ಮಾಡಿದರೆ ತುಂಬುತ್ತದೆ, ಡಿಸ್ಚಾರ್ಜ್ ಮಾಡಿದರೆ ಖಾಲಿಯಾಗುತ್ತದೆ. ನನಗೆ ಹೀಗೆ ಹೇಳಿಕೊಟ್ಟಿದ್ದರು, ನಾನೂ ಹಲವರಿಗೆ ಹೀಗೆಯೇ ಹೇಳಿಕೊಟ್ಟೆ. ಕವಿತೆಯ ರೂಪಕವನ್ನು ಒರೆಗೆ ಹಚ್ಚುವ ನಾವು ಪಾಠದ ರೂಪಕವನ್ನು ಪ್ರಶ್ನಿಸುವುದೇ ಇಲ್ಲ.

ಮೊದಲು ಅದರ ಗುಣ ಹೇಳಬೇಕು. ತೊಟ್ಟಿಯ ತಳದ ವಿಸ್ತಾರವೇ ಧಾರಕತೆ, ನೀರಿನ ಮಟ್ಟವೇ ವೋಲ್ಟೇಜ್. 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 10 ಕಿಲೋಓಮ್ ರೆಸಿಸ್ಟರ್ ಮೂಲಕ 9 ವೋಲ್ಟ್ ಬ್ಯಾಟರಿಗೆ ಜೋಡಿಸಿ. 10 ಸೆಕೆಂಡಿಗೆ ಅದು ಸುಮಾರು 5.7 ವೋಲ್ಟ್ ತಲುಪುತ್ತದೆ, ಇನ್ನೂ 10 ಸೆಕೆಂಡಿಗೆ 7.8 ಮಾತ್ರ. ಎರಡು ಮಟ್ಟಗಳು ಸಮೀಪಿಸಿದಂತೆ ಹರಿವು ನಿಧಾನವಾಗುವುದನ್ನು ತೊಟ್ಟಿ ಚೆನ್ನಾಗಿ ತೋರಿಸುತ್ತದೆ.

ಆದರೆ ಕೆಪಾಸಿಟರಿನೊಳಗೆ ಹೊಸದಾಗಿ ಏನೂ ತುಂಬುವುದಿಲ್ಲ. ಒಂದು ಫಲಕಕ್ಕೆ ಎಷ್ಟು ಎಲೆಕ್ಟ್ರಾನ್ ಬಂದವೋ ಇನ್ನೊಂದರಿಂದ ಅಷ್ಟೇ ಹೊರಟಿರುತ್ತವೆ. ಒಟ್ಟು ಲೆಕ್ಕ ಸೊನ್ನೆ. ಅದು ಕೂಡಿಡುವುದಲ್ಲ, ಬೇರ್ಪಡಿಸಿ ಹಿಡಿಯುವುದು. ಮೈಮೇಲೆ ಬರೆದ '25 ವೋಲ್ಟ್' ಕೂಡ ತುಂಬಿದ ಗುರುತಲ್ಲ, ದಾಟಬಾರದ ಮಿತಿ.

ಇತಿಹಾಸವೂ ಇದನ್ನೇ ಹೇಳುತ್ತದೆ. 1746ರ ಹೊತ್ತಿಗೆ ಹೆಸರಾದ ಲೈಡನ್ ಜಾಡಿಯಲ್ಲಿ ನಿಜಕ್ಕೂ ನೀರಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಆ ನೀರನ್ನು ಬೇರೆ ಪಾತ್ರೆಗೆ ಸುರಿದು, ಜಾಡಿಗೆ ಹೊಸ ನೀರು ಹಾಕಿ ನೋಡಿದರು. ಶಾಕ್ ಹೊಡೆದದ್ದು ಜಾಡಿಯೇ, ಸುರಿದ ನೀರಲ್ಲ. ಇಂದು ನಾವು ಶಕ್ತಿ ಇರುವುದು ಫಲಕಗಳ ನಡುವಿನ ವಿದ್ಯುತ್ ಕ್ಷೇತ್ರದಲ್ಲಿ ಎನ್ನುತ್ತೇವೆ.

ಇದು ಬರೀ ಪದಗಳ ಜಗಳವಲ್ಲ. ನನ್ನಿಂದ ಪಾಠ ಕಲಿತ ಹುಡುಗನೊಬ್ಬ ಹಳೆಯ ಕ್ಯಾಮೆರಾ ಬಿಚ್ಚಿದ್ದ. ಫ್ಲ್ಯಾಷಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರಬಹುದು, ಬ್ಯಾಟರಿ ತೆಗೆದ ಮೇಲೂ. ಅವನು ಅದರ ಒಂದೇ ಕಾಲಿಗೆ ತಂತಿ ಸಿಕ್ಕಿಸಿ ಕಿಟಕಿಯ ಸರಳಿಗೆ ತಾಗಿಸಿ, 'ಖಾಲಿಯಾಯ್ತು ಸರ್' ಎಂದು ಎರಡೂ ಕಾಲುಗಳತ್ತ ಬೆರಳು ಚಾಚಿದ. ತಟ್ಟನೆ ಕೈ ಹಿಡಿದು ನಿಲ್ಲಿಸಿದೆ. ಅವನದೇನೂ ತಪ್ಪಿಲ್ಲ, ತೊಟ್ಟಿ ಬರಿದಾಗಲು ಒಂದು ತೂತು ಸಾಕಲ್ಲವೇ? ಕೆಪಾಸಿಟರಿಗಾದರೋ ಎರಡು ಕಾಲುಗಳ ನಡುವೆ ದಾರಿ ಬೇಕು. ರೆಸಿಸ್ಟರ್ ಜೋಡಿಸಿ, ಕಾದು, ಮೀಟರಿನಲ್ಲಿ ನೋಡಿದ ಮೇಲೆಯೇ ಮುಟ್ಟಬೇಕು. ತಪ್ಪು ರೂಪಕ ಕೊಟ್ಟವನು ನಾನು.

ಈಗ ನಾನು ಹೇಳುವುದು ಬೇರೆ: ನೀರು ತುಂಬಿದ ಪೈಪಿನ ನಡುವೆ ಅಡ್ಡಲಾಗಿ ಬಿಗಿದ ರಬ್ಬರ್ ಹಾಳೆ. ಒಂದು ಕಡೆಯಿಂದ ಒತ್ತಿದರೆ ಅದು ಉಬ್ಬಿ, ಅಷ್ಟೇ ನೀರನ್ನು ಆ ಕಡೆ ತಳ್ಳುತ್ತದೆ. ಒಟ್ಟು ನೀರು ಬದಲಾಗುವುದಿಲ್ಲ; ಬಿಗಿತದಲ್ಲಿ ಶಕ್ತಿ ಉಳಿಯುತ್ತದೆ. ಅತಿಯಾದರೆ ಹಾಳೆ ಹರಿಯುತ್ತದೆ. ಅದು ಸಡಿಲವಾಗಲು ಎರಡೂ ಬದಿಗೆ ದಾರಿ ಬೇಕು.

ತೊಟ್ಟಿಯನ್ನು ಪೂರ್ತಿ ಬಿಡಬೇಕಿಲ್ಲ. ಮೊದಲ ದಿನಕ್ಕೆ ಅದು ಸಾಕು. ಎರಡನೇ ದಿನ ಅದು ಎಲ್ಲಿ ಸೋರುತ್ತದೆ ಎಂಬುದನ್ನೂ ಹೇಳಿಬಿಡಬೇಕು.